ಕುಡುಗೋಲಿನಿಂದ ಕಟರ್‌ವರೆಗೆ: ಹುಲ್ಲು ಕೊಯ್ಯುವ ಯಂತ್ರದ ಚರಿತ್ರೆ ಮತ್ತು ನಮ್ಮ ಕೊಟ್ಟಿಗೆ ವರ್ಕ್‌ಶಾಪು

ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದಾಗ ನಾವು ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಒಂದು ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂತಿದ್ದೆವು. ಕೈ ತುಂಬ ಎಣ್ಣೆ. "ನಮಗೆ ಬರೆಯೋದೆಲ್ಲ ಎಲ್ಲಿ ಬರ್ತದೆ ಮಾರಾಯ್ರೆ, ಬೇಕಿದ್ರೆ ಮಿಷನ್ ತನ್ನಿ, ರಿಪೇರಿ ಮಾಡಿಕೊಡ್ತೇವೆ" ಎಂದೆವು. ಅವರು ನಕ್ಕು, "ಅದನ್ನೇ ಬರೀರಿ. ಊರಲ್ಲಿ ಹುಲ್ಲು ಹೊಡೆಯೋ ಮಿಷನ್ ಇಲ್ಲದ ಮನೆ ಯಾವುದಿದೆ?" ಅಂದರು. ಆ ಮಾತು ನಿಜ. ಹಾಗಾಗಿ ಈ ಬರಹ. ಇದರಲ್ಲಿ ವಿದ್ವತ್ತು ಹುಡುಕಬಾರದೆಂದು ಸದಸ್ಯ ಬಾಂಧವರಲ್ಲಿ ಮೊದಲೇ ವಿನಂತಿ.

ಕುಡುಗೋಲಿನ ಕಾಲ

ನಮ್ಮ ಮಲೆನಾಡಿನಲ್ಲಿ ಹುಲ್ಲು ಎಂದರೆ ಒಂದೇ ಕಾಲಕ್ಕೆ ವರವೂ ಹೌದು, ಶಾಪವೂ ಹೌದು. ಬೇಣದಲ್ಲಿ ಬೆಳೆದರೆ ಕರಡವಾಗಿ ದನದ ಹೊಟ್ಟೆಗೆ, ಕೊಟ್ಟಿಗೆಯ ಮಾಡಿಗೆ ಆಗುತ್ತಿತ್ತು. ತೋಟದಲ್ಲಿ ಬೆಳೆದರೆ ಅಡಿಕೆ ಬುಡಕ್ಕೆ ಹಾಕಿದ ಗೊಬ್ಬರವನ್ನು ತಾನೇ ತಿನ್ನುತ್ತಿತ್ತು. ಎರಡನ್ನೂ ಕೊಯ್ಯುತ್ತಿದ್ದದ್ದು ಕತ್ತಿ, ಕುಡುಗೋಲು. ಭತ್ತಕ್ಕೆ ಹಲ್ಲು ಇರುವ ಕುಡುಗೋಲು, ಹುಲ್ಲಿಗೆ ಹಲ್ಲಿಲ್ಲದ್ದು, ಸೊಪ್ಪಿಗೆ ಬೇರೆಯೇ ಕತ್ತಿ. ಬೇಣದ ಕೆಲಸಕ್ಕೆ ಮುಯ್ಯಾಳು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು.

ಆಗಿನ ರಿಪೇರಿಯೂ ಮನೆಯಲ್ಲೇ. ಜಗುಲಿಯ ಕೆಳಗೆ ಮಸೆಮರ, ಅದರ ಮೇಲೆ ಬೆಣಚುಕಲ್ಲಿನ ಪುಡಿ. ಬೆಳಿಗ್ಗೆ ಆಸರಿ ಕುಡಿದು ಹತ್ತು ಸಲ ಎಳೆದರೆ ಕತ್ತಿ ಮಧ್ಯಾಹ್ನದವರೆಗೆ ಬರುತ್ತಿತ್ತು. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಆಚಾರಿಯ ಕುಲುಮೆಗೆ ಹೋಗಿ ಹದ ಹಾಕಿಸಿಕೊಂಡು ಬರುವುದು. ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದಬೇಕೆಂಬುದು ಆಚಾರಿಯ ಕಣ್ಣಿಗೆ ಗೊತ್ತಿತ್ತು. ಆ ಕುಲುಮೆ ಈಗ ಇಲ್ಲ. ತಿದಿ ಇದ್ದ ಜಾಗದಲ್ಲಿ ಹುತ್ತ ಬೆಳೆದಿದೆ.

ಯಂತ್ರ ಹುಟ್ಟಿದ್ದು ಎಲ್ಲಿ?

ಹುಲ್ಲು, ಪೈರು ಕೊಯ್ಯುವ ಯಂತ್ರವನ್ನು ದೊಡ್ಡ ಕಾರ್ಖಾನೆಯ ಇಂಜಿನಿಯರುಗಳು ಕಂಡುಹಿಡಿದರೆಂದು ನಾವೂ ಬಹಳ ಕಾಲ ತಿಳಿದಿದ್ದೆವು. ಓದಿ ನೋಡಿದರೆ ಹಾಗಿಲ್ಲ. ಅವು ಹುಟ್ಟಿದ್ದೇ ಮನೆಯ ಹಿಂದಿನ ಕೊಟ್ಟಿಗೆಗಳಲ್ಲಿ.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ ಎಂಬಾತ ರೈತನ ಮಗ, ಪಾದ್ರಿಯಾಗಲು ಓದುತ್ತಿದ್ದವ. ತೋಟದ ಬೇಲಿ ಕತ್ತರಿಸುವ ದೊಡ್ಡ ಕತ್ತರಿಯನ್ನು ನೋಡಿ, ಇಂಥ ಕತ್ತರಿಗಳನ್ನು ಸಾಲಾಗಿ ಜೋಡಿಸಿದರೆ ಪೈರು ಕೊಯ್ಯಬಹುದಲ್ಲ ಎಂದು ಅವನಿಗೆ ಹೊಳೆಯಿತು. ಮರದಲ್ಲಿ ಮಾದರಿ ಮಾಡಿ ಊರ ಕಮ್ಮಾರನಿಗೆ ಕೊಟ್ಟು ಕಬ್ಬಿಣದ ಭಾಗ ಮಾಡಿಸಿದ. ಊರವರು ನಗಬಾರದೆಂದು ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಒಳಗೇ ಮಣ್ಣು ಹರಡಿ, ಪೈರಿನ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟು ಯಂತ್ರವನ್ನು ಪರೀಕ್ಷಿಸಿದನಂತೆ! 1828ರಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ, ತಮ್ಮದೇ ಕುದುರೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ನಿಜವಾದ ಪೈರು ಕೊಯ್ದು ನೋಡಿದ. ಯಂತ್ರ ನಡೆಯಿತು. ಬೆಲ್ ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ಸೈರಸ್ ಮೆಕ್‌ಕಾರ್ಮಿಕ್ 1831ರಲ್ಲಿ ತನ್ನ ಕೊಯ್ಲು ಯಂತ್ರವನ್ನು ಜನರಿಗೆ ತೋರಿಸಿದ. ಅದನ್ನು ಮಾಡಿದ್ದು ಅವರ ಜಮೀನಿನ ಮನೆಯ ಕುಲುಮೆಯಲ್ಲಿ. ಅವನ ತಂದೆ ರಾಬರ್ಟ್ ಹಲವು ವರ್ಷ ಪ್ರಯತ್ನಿಸಿ ಕೈಬಿಟ್ಟಿದ್ದ ಕೆಲಸ ಅದು. ಇನ್ನೊಂದು ಮಾತನ್ನು ಹೇಳಲೇಬೇಕು. ಆ ಕುಲುಮೆಯಲ್ಲಿ ಸೈರಸನ ಜೊತೆ ದುಡಿದವನು ಜೋ ಆಂಡರ್ಸನ್ ಎಂಬ ಕಪ್ಪು ಜನಾಂಗದ ಗುಲಾಮ. ಹೆಸರು ಮತ್ತು ಹಣ ಯಜಮಾನನಿಗೆ ಬಂತು. ಆಂಡರ್ಸನ್‌ನ ಪಾಲನ್ನು ಲೋಕ ಬಹಳ ತಡವಾಗಿ ಒಪ್ಪಿಕೊಂಡಿತು. ಪೇಟೆಂಟಿನಲ್ಲಿ ಮೊದಲಾದವನು ಮತ್ತೊಬ್ಬ, ಓಬೆಡ್ ಹಸ್ಸಿ. ಅವನದು 1833, ಮೆಕ್‌ಕಾರ್ಮಿಕ್‌ನದು 1834. ಹುಲ್ಲು ಕೊಯ್ಯಲೆಂದೇ ಚೆನ್ನಾಗಿ ನಡೆಯುವ ಯಂತ್ರ ಬಂದದ್ದು 1847ರಲ್ಲಿ, ವಿಲಿಯಂ ಕೆಚಮ್ ಎಂಬಾತನಿಂದ.

ಮುಂದೆ ನೆಲೆನಿಂತ ಇಂಥ ಯಂತ್ರಗಳ ಒಳಗುಟ್ಟು ಸರಳ. ಮುಂದೆ ಬೆರಳುಗಳಂತೆ ಚಾಚಿದ ಕಬ್ಬಿಣದ ಹಲ್ಲುಗಳು ಅಲ್ಲಾಡದೆ ನಿಲ್ಲುತ್ತವೆ. ಅವುಗಳ ನಡುವೆ ತ್ರಿಕೋನಾಕಾರದ ಅಲಗುಗಳಿರುವ ಪಟ್ಟಿ ಅತ್ತಿತ್ತ ಓಡುತ್ತದೆ. ಬೆರಳು ಹುಲ್ಲನ್ನು ಹಿಡಿದುಕೊಳ್ಳುತ್ತದೆ, ಅಲಗು ಕತ್ತರಿಸುತ್ತದೆ. ಅಲಗುಗಳನ್ನು ಪಟ್ಟಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಕಲ್ಲಿಗೆ ತಾಗಿ ಒಂದು ಮುರಿದರೆ ಅದೊಂದನ್ನೇ ತೆಗೆದು ಬೇರೆ ಹಾಕಿದರಾಯಿತು. ರೈತ ತನ್ನ ಮನೆಯಲ್ಲೇ, ಒಂದು ಸುತ್ತಿಗೆ ಮತ್ತು ಉಳಿಯಿಂದ ರಿಪೇರಿ ಮಾಡಿಕೊಳ್ಳುವಂಥ ವ್ಯವಸ್ಥೆ. ಬಯಲುಸೀಮೆಯ ಗದ್ದೆಗಳಿಗೆ ಬರುವ ದೊಡ್ಡ ಕೊಯ್ಲು ಯಂತ್ರದ ಬಾಯನ್ನು ಬಗ್ಗಿ ನೋಡಿ, ಇವತ್ತಿಗೂ ಅದೇ ಬೆರಳು, ಅದೇ ಅಲಗು.

ಇನ್ನು ಅಂಗಳದ ಹುಲ್ಲು ಕತ್ತರಿಸುವ ಯಂತ್ರದ ಕಥೆ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಬಳಿ ಉಣ್ಣೆ ಬಟ್ಟೆಯ ಮಿಲ್ಲುಗಳಿದ್ದವು. ಬಟ್ಟೆಯ ಮೇಲೆದ್ದ ಜುಂಗನ್ನು ಸಮನಾಗಿ ಕತ್ತರಿಸುವ ಸುರುಳಿ ಅಲಗಿನ ಯಂತ್ರವನ್ನು ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ನೋಡಿದ. ಅದನ್ನೇ ನೆಲದ ಮೇಲೆ ಉರುಳಿಸಿದರೆ? 1830ರಲ್ಲಿ ಪೇಟೆಂಟ್ ಪಡೆದ. ಇದೇ ಬಡ್ಡಿಂಗ್ ನಮಗೆ ಇನ್ನೊಂದು ಉಪಕಾರ ಮಾಡಿದ್ದಾನೆ. ತಿರುಪು ತಿರುಗಿಸಿ ಬಾಯಿ ಹಿಗ್ಗಿಸುವ, ಕುಗ್ಗಿಸುವ ಪಾನಾ ಇದೆಯಲ್ಲ, ಅದನ್ನು ರೂಪಿಸಿದ ಕೀರ್ತಿಯನ್ನೂ ಅವನಿಗೆ ಸಲ್ಲಿಸುವವರಿದ್ದಾರೆ. ಯಂತ್ರ ಮಾಡಿದವನೇ ರಿಪೇರಿಯ ಉಪಕರಣವನ್ನೂ ಮಾಡಿಟ್ಟು ಹೋದ ಎಂದು ನಾವು ಆಗಾಗ ಹೇಳುವುದುಂಟು.

ನಮ್ಮ ನಾಡಿನ ಸೈಕಲ್ ಅಂಗಡಿ

ನಮ್ಮ ಕಡೆಯ ಕಥೆಯೂ ಸಣ್ಣ ಅಂಗಡಿಯಿಂದಲೇ ಶುರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಅವರು ತಯಾರಿಸಿದ ಮೊದಲ ಯಂತ್ರಗಳಲ್ಲಿ ಒಂದು ದನದ ಮೇವು ಕತ್ತರಿಸುವ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಹೆದರಿ, ನೇಗಿಲುಗಳು ಮಾರಾಟವಾಗದೆ ಬಹಳ ದಿನ ಹಾಗೇ ಉಳಿದವಂತೆ. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಒಂದು ಮೇವಿನ ಕತ್ತರಿ ಎಷ್ಟು ದೂರ ಹೋಯಿತು ನೋಡಿ.

ಅದೇ ಕಾಲದಲ್ಲಿ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಕೃಷಿ ಸಹಕಾರಿ ಸಂಘ ಕಟ್ಟಿದರು. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಸಂಘ. ಯಂತ್ರ ಕೊಳ್ಳಲು ದುಡ್ಡು ಬೇಕು, ದುಡ್ಡಿಗೆ ಸಂಘ ಬೇಕು. ನಮ್ಮೂರಿನ ಮಟ್ಟಿಗೆ ಇವೆರಡೂ ಸೇರಿದ್ದು ನೂರು ವರ್ಷ ಕಳೆದ ಮೇಲೆ.

ಜಾವಾದಿಂದ ಕಲಿತ ವಿದ್ಯೆ

ನಮ್ಮ ವರ್ಕ್‌ಶಾಪು ಎಂದರೆ ದೊಡ್ಡದೇನಲ್ಲ. ಕೊಟ್ಟಿಗೆ ಪಕ್ಕ ಹತ್ತಡಿ ಚಪ್ಪರ, ಹಲಸಿನ ಹಲಗೆಯ ಮೇಲೆ ಒಂದು ವೈಸು, ಗೋಡೆಯಲ್ಲಿ ಸಾಲಾಗಿ ಪಾನಾಗಳು, ಇಕ್ಕಳ, ಅರ, ತಂತಿ ಬ್ರಷ್ಷು. ಮೊದಲು ಅಲ್ಲಿ ಬಿಚ್ಚಿದ್ದು ಮೈಸೂರಿನ ಜಾವಾ ಬೈಕು. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೈಸೂರಿನಲ್ಲಿ ನಡೆಯಿತು. ಆ ಬೈಕಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಬೇಕಿತ್ತು. ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಅಳೆದು ಹಾಕಿಸಿ, ಗಾಡಿಯನ್ನು ಎರಡು ಸಲ ಅಲ್ಲಾಡಿಸಿದ್ದು ನೆನಪಿರುವವರು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆ.

ಸಂಘ ಹುಟ್ಟಿ ಏಳೆಂಟು ವರ್ಷವಾದ ಮೇಲೆ ಹುಲ್ಲು ಹೊಡೆಯುವ ಮಿಷನ್ನು ಊರಿಗೆ ಬಂತು. ಆಳು ಸಿಗದ ಕಾಲ. ಸಂಘದ ಸಾಲದಲ್ಲಿ ಮೊದಲು ಮೂರೋ ನಾಲ್ಕೋ ಮನೆಯವರು ತಂದರು. ಹೆಗಲಿಗೆ ಪಟ್ಟಿ, ಹಿಂದೆ ಇಂಜಿನ್ನು, ಉದ್ದ ಕೊಳವೆ, ತುದಿಯಲ್ಲಿ ತಿರುಗುವ ಬ್ಲೇಡು. ಕೆಲವರು ಬ್ಲೇಡಿನ ಬದಲು ನೈಲಾನ್ ಹಗ್ಗ ಹಾಕುತ್ತಾರೆ. ಆ ಹಗ್ಗದ ಉಪಾಯವೂ ಮನೆಯಲ್ಲೇ ಹುಟ್ಟಿದ್ದು. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬಾತ ಕಾರು ತೊಳೆಸುವಾಗ ತಿರುಗುವ ನೈಲಾನ್ ಬ್ರಷ್ಷನ್ನು ನೋಡಿ, 1971ರಲ್ಲಿ, ಖಾಲಿ ಪಾಪ್‌ಕಾರ್ನ್ ಡಬ್ಬಿಗೆ ತೂತು ಮಾಡಿ ಮೀನು ಹಿಡಿಯುವ ದಾರ ಸಿಕ್ಕಿಸಿ ಹುಲ್ಲು ಕತ್ತರಿಸಿದನಂತೆ.

ನಮ್ಮ ಜಾವಾ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು. ಹೆಚ್ಚಿನ ಮಿಷನ್ನುಗಳಲ್ಲಿ ಇರುವುದು ಅದೇ ಎರಡು ಸ್ಟ್ರೋಕಿನ ಇಂಜಿನ್ನು. ಅದಕ್ಕೆ ಬೇರೆ ಎಣ್ಣೆಯ ಟ್ಯಾಂಕಿಲ್ಲ, ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಪಿಸ್ಟನ್ನಿಗೆ ಜೀವ. ಹೊಸದರಲ್ಲಿ ಒಂದು ಮನೆಯ ಹುಡುಗ ಬರೀ ಪೆಟ್ರೋಲ್ ಹಾಕಿ ಓಡಿಸಿದ. ಹತ್ತು ನಿಮಿಷಕ್ಕೆ ಇಂಜಿನ್ನು ಕಚ್ಚಿಕೊಂಡು ನಿಂತಿತು. "ಅಣ್ಣಾ, ಹಗ್ಗ ಎಳೆದ್ರೆ ಬರ್ತಾನೇ ಇಲ್ಲ" ಎಂದು ಅಳುಮುಖ ಮಾಡಿಕೊಂಡು ಬಂದಿದ್ದ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈಯೆಲ್ಲ ಗೀರು. ಅಂದಿನಿಂದ ನಮ್ಮ ಮನೆಗೆ ಮಿಷನ್ನುಗಳು ಬರತೊಡಗಿದವು. ಶ್ರಾವಣ, ಭಾದ್ರಪದದಲ್ಲಿ ಹುಲ್ಲು ಸೊಂಟದವರೆಗೆ ಬಂದಾಗ ಪೇಟೆಯ ರಿಪೇರಿ ಅಂಗಡಿಗಳಲ್ಲಿ ಮಿಷನ್ನು ವಾರಗಟ್ಟಲೆ ಸರದಿಯಲ್ಲಿ ಕೂರುತ್ತದೆ. ಹುಲ್ಲು ಕಾಯುತ್ತದೆಯೇ?

ಒಂದು ತಪ್ಪು

ಇಲ್ಲಿಯವರೆಗೆ ಬರೆದದ್ದೆಲ್ಲ ನಮ್ಮ ಹೆಚ್ಚುಗಾರಿಕೆಯಂತೆ ಕಂಡಿರಬಹುದು. ಆದ್ದರಿಂದ ನಮ್ಮ ತಪ್ಪನ್ನೂ ಬರೆಯುವುದು ನ್ಯಾಯ.

ಆ ವರ್ಷ ನಮ್ಮ ಮಿಷನ್ನಿನ ಮೂರು ಮೂಲೆಯ ಬ್ಲೇಡು ಕಲ್ಲಿಗೆ ತಾಗಿ ಸಣ್ಣದಾಗಿ ಸೀಳಿತ್ತು. ಹೊಸದು ತರಲು ಪೇಟೆಗೆ ಹೋಗಬೇಕು, ಮಳೆ ಬೇರೆ. "ಒಂದು ವೆಲ್ಡಿಂಗ್ ಹೊಡೆದರೆ ಸಾಕು" ಎಂದು ನಾವೇ ಹೊಡೆದೆವು. ಅರದಿಂದ ಉಜ್ಜಿ ನಯ ಮಾಡಿದೆವು. ನೋಡಲು ಹೊಸದರ ಹಾಗೇ ಇತ್ತು. ಮಿಷನ್ನು ಹೊತ್ತದ್ದು ಚಿಕ್ಕಂದಿನಿಂದ ನಮ್ಮ ಮನೆಯ ತೋಟದಲ್ಲಿ ದುಡಿಯುತ್ತಿದ್ದ ಅಣ್ಣ. ಅರ್ಧ ಗಂಟೆ ಆಗಿರಲಿಲ್ಲ, ವೆಲ್ಡಿಂಗ್ ಹತ್ತಿರವೇ ತುಂಡಾಗಿ ಬ್ಲೇಡಿನ ಚೂರು ಅವರ ಮೊಣಕಾಲ ಕೆಳಗೆ ಹೊಕ್ಕಿತು. ಮೂಳೆ ಕಾಣುತ್ತಿತ್ತು. ಜೀಪಿನಲ್ಲಿ ಹಾಕಿಕೊಂಡು ಹೋಗುವಾಗ ಅವರು ಕೇಳಿದ್ದು ಒಂದೇ ಮಾತು: "ಮಿಷನ್ ಆಫ್ ಮಾಡಿದ್ರಾ?"

ಆ ರಾತ್ರಿ ಕೈಯಲ್ಲಿ ದುಡ್ಡಿರಲಿಲ್ಲ. ಸಂಘದ ಕಾರ್ಯದರ್ಶಿಗಳು ಹತ್ತು ಗಂಟೆಗೆ ಕಚೇರಿಯ ಬೀಗ ತೆಗೆದು, ಅಧ್ಯಕ್ಷರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಹಣ ಎಣಿಸಿ ಕೊಟ್ಟರು. ಅಣ್ಣ ಎರಡು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ. ಆ ಎರಡು ತಿಂಗಳ ಕೂಲಿಯನ್ನು ನಾವು ಕೊಟ್ಟೆವು. ಅದು ದೊಡ್ಡ ಮಾತಲ್ಲ, ತಪ್ಪು ನಮ್ಮದೇ ಆಗಿತ್ತು. ಆ ಮುರಿದ ಬ್ಲೇಡು ಇವತ್ತಿಗೂ ವರ್ಕ್‌ಶಾಪಿನ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಯಾರಾದರೂ "ಇದಕ್ಕೊಂದು ವೆಲ್ಡಿಂಗ್ ಹೊಡೀರಿ" ಎಂದು ಬಂದರೆ ಬಾಯಲ್ಲಿ ಏನೂ ಹೇಳದೆ ಅದನ್ನು ತೋರಿಸುತ್ತೇವೆ.

ಕಾಲು ವಾಸಿಯಾಗುವವರೆಗೆ ಅಣ್ಣ ನಮ್ಮ ಚಪ್ಪರದಲ್ಲಿ ಬಂದು ಕೂರುತ್ತಿದ್ದರು. ಕೂತಲ್ಲೇ ಪ್ಲಗ್ಗು ತೊಳೆದರು, ಕಾರ್ಬ್ಯುರೇಟರ್ ಬಿಚ್ಚಿದರು. ಈಗ ನಮಗಿಂತ ಅವರ ಕೈಗುಣ ಚೆನ್ನ. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ. ಅವರೀಗ ನಮ್ಮ ಸಂಘದ ಸದಸ್ಯರೂ ಹೌದು.

ಅನುಭವದಿಂದ ಕಂಡ ಕೆಲವು ಮಾತು

ಹಳೆಯ ಕಥೆ ಹೇಳಿ ಸುಮ್ಮನಾದರೆ ಪ್ರಯೋಜನವಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಯಾವುದಕ್ಕೆ ಕೈ ಹಾಕುವ ಮೊದಲೂ ಇಂಜಿನ್ನು ಬಂದ್ ಮಾಡಿ, ಪ್ಲಗ್ಗಿನ ಟೋಪಿ ಕಿತ್ತಿಡಬೇಕು. ಇದಕ್ಕೆ ವಿನಾಯಿತಿಯೇ ಇಲ್ಲ.

ಎಣ್ಣೆಯ ಅಳತೆ ಮಿಷನ್ನಿನ ಪುಸ್ತಕದಲ್ಲಿ ಇದ್ದಂತೆ. 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಕಣ್ಣಂದಾಜು ಬೇಡ; ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದರೂ ಆದೀತು. ಎರಡು ಸ್ಟ್ರೋಕಿಗೆಂದೇ ಇರುವ ಎಣ್ಣೆಯನ್ನೇ ಬಳಸಬೇಕು. ನಾಲ್ಕು ಸ್ಟ್ರೋಕಿನ ಮಿಷನ್ನಾದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು, ಅದರ ಎಣ್ಣೆಯ ಜಾಗ ಬೇರೆಯೇ ಇದೆ. ಮನೆಯಲ್ಲಿ ಎರಡೂ ಥರದ್ದು ಇದ್ದರೆ ಕ್ಯಾನಿನ ಮೇಲೆ ಬಣ್ಣದಲ್ಲಿ ಬರೆದಿಡಿ.

ಮಿಷನ್ನು ಚಾಲೂ ಆಗದಿದ್ದರೆ ಗಾಬರಿಯಾಗಿ ಹಗ್ಗ ಎಳೆಯುತ್ತಲೇ ಇರಬೇಡಿ. ಪ್ಲಗ್ಗು ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒರೆಸಿ ಒಣಗಿಸಿ. ಪೂರಾ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಟ್ಯಾಂಕಿನೊಳಗಿನ ಫಿಲ್ಟರು, ಪೈಪು ನೋಡಿ. ಕಪ್ಪು ಮಸಿ ಇದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ. ಗಾಳಿಯ ಫಿಲ್ಟರು ಸ್ಪಂಜಿನದಾದರೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ನಮ್ಮಲ್ಲಿಗೆ ಬರುವ ಮಿಷನ್ನುಗಳಲ್ಲಿ ಅರ್ಧಕ್ಕೆ ಇಷ್ಟೇ ಕಾಯಿಲೆ. ಇನ್ನು ಕೆಲವಕ್ಕೆ ಸೈಲೆನ್ಸರಿನ ಬಾಯಲ್ಲಿ ಮಸಿ ಕಟ್ಟಿರುತ್ತದೆ. ಮೂಗು ಕಟ್ಟಿದ ಮನುಷ್ಯ ಓಡಲಾರ, ಹಾಗೇ ಇದೂ.

ಬ್ಲೇಡಿನ ನಟ್ಟು ಹೆಚ್ಚಿನ ಮಿಷನ್ನುಗಳಲ್ಲಿ ಎಡ ತಿರುವಿನದು. ಎಲ್ಲ ನಟ್ಟಿನ ಹಾಗೆ ಬಿಚ್ಚಲು ಹೋದರೆ ಮತ್ತೂ ಬಿಗಿಯಾಗುತ್ತದೆ. ಶಕ್ತಿ ಹಾಕಿ ನಟ್ಟು ಮುರಿದುಕೊಂಡು ಬಂದ ಪೈಲ್ವಾನರು ನಮ್ಮೂರಲ್ಲಿ ಹಲವರಿದ್ದಾರೆ, ಹೆಸರು ಹೇಳುವುದಿಲ್ಲ!

ಬ್ಲೇಡು ಹರಿತ ಮಾಡುವಾಗ ಎಲ್ಲ ಮೂಲೆಗೂ ಸಮ ಸಂಖ್ಯೆಯಲ್ಲಿ ಅರ ಹೊಡೆಯಬೇಕು. ಒಂದು ಕಡೆ ತೂಕ ಹೆಚ್ಚಾದರೆ ಇಡೀ ಮಿಷನ್ನು ನಡುಗುತ್ತದೆ, ಬೇರಿಂಗು ಹೋಗುತ್ತದೆ, ಹೊತ್ತವರ ಕೈ ಮರಗಟ್ಟುತ್ತದೆ. ಹರಿತವಾದ ಮೇಲೆ ಬ್ಲೇಡನ್ನು ಬೆರಳಿಗೆ ನೇತುಹಾಕಿ ಮರದ ತುಂಡಿನಿಂದ ತಟ್ಟಿ. ಅಂಗಡಿಯಲ್ಲಿ ತಾಮ್ರದ ಕೊಡ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ. ಗಂಟೆಯಂತೆ ಸ್ಪಷ್ಟ ಸದ್ದು ಬಂದರೆ ಸರಿ. ಬೋಳು ಸದ್ದು ಬಂದರೆ ಎಲ್ಲೋ ಸೀಳಿದೆ ಎಂದು ಅನುಮಾನಿಸಿ ಚೆನ್ನಾಗಿ ನೋಡಿ. ಸೀಳಿದ್ದು ಗುಜರಿಗೆ. ಬೇರೆ ಮಾತಿಲ್ಲ.

ತುದಿಯ ಗೇರ್ ಪೆಟ್ಟಿಗೆಗೆ ಸುಮಾರು 25 ಗಂಟೆ ಓಡಿದ ಮೇಲೆ ಗ್ರೀಸು ನೋಡಿ. ಹುಲ್ಲು ಹೊಡೆಯುವಾಗ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ. ಸುತ್ತ 15 ಮೀಟರಿನೊಳಗೆ ಮಕ್ಕಳು, ದನ ಬಾರದಂತೆ ನೋಡಿಕೊಳ್ಳಿ. ಬ್ಲೇಡಿಗೆ ಸಿಕ್ಕ ಸಣ್ಣ ಕಲ್ಲು ಕವಣೆಯ ಕಲ್ಲೇ.

ದೀಪಾವಳಿ ಕಳೆದು ಮಿಷನ್ನು ಅಟ್ಟಕ್ಕೆ ಏರುವ ಮೊದಲು ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಿ. ಮಿಷನ್ನನ್ನು ಹೇಗೆ ಓರೆ ಹಿಡಿದರೂ ಓಡುವಂತೆ ಮಾಡುವುದು ಕಾರ್ಬ್ಯುರೇಟರಿನೊಳಗಿನ ತೆಳು ಪದರ. ಹಳೆ ಪೆಟ್ರೋಲು ನಿಂತರೆ ಅದು ಗಟ್ಟಿಯಾಗಿ ಹಪ್ಪಳದಂತಾಗುತ್ತದೆ. ಈಗಂತೂ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತು ಬರುತ್ತಿದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆನಾಡಿನಲ್ಲಿ ತೇವಕ್ಕೇನು ಬರವೇ?

ಮುಂದೇನು?

ಕುಲುಮೆ ಹೋದಾಗ ನಾವು ಯಾರೂ ಅಷ್ಟಾಗಿ ಚಿಂತಿಸಲಿಲ್ಲ. ಪೇಟೆಯಲ್ಲಿ ಕತ್ತಿ ಸಿಗುತ್ತದಲ್ಲ ಎಂದುಕೊಂಡೆವು. ಕತ್ತಿಯೇನೋ ಸಿಕ್ಕಿತು, ಹದ ಸಿಗಲಿಲ್ಲ. ಈಗ ಮಿಷನ್ನಿನ ವಿಷಯದಲ್ಲೂ ಅದೇ ಆಗುತ್ತಿದೆ. ಊರಿನ ಮನೆಗಳ ಹಿಂದೆ ಕಣ್ಣಾಡಿಸಿದರೆ ತುಕ್ಕು ಹಿಡಿದ ಮಿಷನ್ನುಗಳು ಕಾಣುತ್ತವೆ. ಹೆಚ್ಚಿನವು ಸತ್ತಿಲ್ಲ, ನೋಡುವವರಿಲ್ಲ ಅಷ್ಟೆ. ಅವುಗಳಲ್ಲಿ ಕೆಲವಕ್ಕೆ ಸಾಲದ ಕಂತು ಇನ್ನೂ ಮುಗಿದಿಲ್ಲ. ಮಿಷನ್ನು ಕೈಕೊಟ್ಟವರು ಬೇಸತ್ತು ಕಳೆನಾಶಕ ಹೊಡೆಸುತ್ತಿದ್ದಾರೆ. ಅದು ಇಳಿಯುವುದು ನಮ್ಮದೇ ಬಾವಿ, ಹಳ್ಳಕ್ಕೆ.

ನಮಗೂ ವಯಸ್ಸಾಯಿತು, ಅಣ್ಣನಿಗೂ ಕಣ್ಣು ಮಂಜಾಗುತ್ತಿದೆ. ನಮ್ಮ ಹುಡುಗರು ಬೆಂಗಳೂರಿನಲ್ಲಿದ್ದಾರೆ. ಅವರನ್ನು ದೂರುವುದಿಲ್ಲ, ಓದಿಸಿದವರು ನಾವೇ. ಆದರೆ ಊರಲ್ಲಿ ಉಳಿದ ಹುಡುಗ ಹುಡುಗಿಯರು ಇದ್ದಾರಲ್ಲ? ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಸಂಘದ ಗೋದಾಮಿನ ಪಕ್ಕದ ಕೋಣೆ ಖಾಲಿ ಇದೆ. ಅಲ್ಲೊಂದು ಮೇಜು, ಒಂದು ವೈಸು, ಒಂದು ಜೊತೆ ಪಾನಾ ಇಟ್ಟರೆ ಸಾಕು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಭಾನುವಾರಗಳಲ್ಲಿ, ಎಲ್ಲರೂ ಅವರವರ ಮಿಷನ್ನು ತಂದು ಅವರವರ ಕೈಯಲ್ಲೇ ಬಿಚ್ಚಲಿ. ಹೇಳಿಕೊಡಲು ಅಣ್ಣ ಒಪ್ಪಿದ್ದಾರೆ. ನಾವು ಪಕ್ಕದಲ್ಲಿ ಕೂತು ಪಾನಾ ಎತ್ತಿಕೊಡುತ್ತೇವೆ. ಹಿಂದೆ ಬೇಣಕ್ಕೆ ಮುಯ್ಯಾಳು ಹೋಗುತ್ತಿದ್ದೆವು, ಇನ್ನು ಮಿಷನ್ನಿಗೆ ಮುಯ್ಯಿ ಹೋಗೋಣ. ನಮ್ಮ ಗೋಡೆಯ ಆ ಮುರಿದ ಬ್ಲೇಡನ್ನು ಆ ಕೋಣೆಗೆ ಮೊದಲ ಕಾಣಿಕೆಯಾಗಿ ಕೊಡುತ್ತೇವೆ.

ರಾತ್ರಿ ಹತ್ತು ಗಂಟೆಗೂ ಬಾಗಿಲು ತೆರೆದ ಸಂಘ ಇದು. ಇದು ಇನ್ನೂ ಬೆಳೆದು ಸುವರ್ಣ ಮಹೋತ್ಸವ ಕಾಣಲಿ, ಅಂದಿನ ಸಂಚಿಕೆಗೆ ಈ ಕೋಣೆಯಲ್ಲಿ ಕಲಿತವರೊಬ್ಬರು ಲೇಖನ ಬರೆಯುವಂತಾಗಲಿ ಎಂದು ಹಾರೈಸುತ್ತೇವೆ.